ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ: ಹಳೇ ಫಿಯೆಟ್‌ನಲ್ಲಿ ದೋಷ ಹುಡುಕಿದ್ದು ಹೀಗೆ

ಹಳೇ ಕಾರು ಹೊರಡದಿದ್ದಾಗ ಮೊದಲು ಕಿವಿಗೆ ಕೆಲಸ ಕೊಡಬೇಕು. ಕೀ ತಿರುಗಿಸಿದರೆ ಬರೀ ‘ಟಕ್’ ಅಂದು ಸುಮ್ಮನಾದರೆ ಬ್ಯಾಟರಿ, ಟರ್ಮಿನಲ್ ಅಥವಾ ಸೆಲ್ಫ್ ಮೋಟಾರ್ ಕಡೆ ನೋಡಬೇಕು. ಇಂಜಿನ್ ಚೆನ್ನಾಗಿಯೇ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಆ ಮೂರನ್ನೂ ಬಹುತೇಕ ಬದಿಗಿಡಬಹುದು. ಉಳಿಯುವ ಪ್ರಶ್ನೆ ಇಷ್ಟು: ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ, ಆ ಕಿಡಿ ಸರಿಯಾದ ಹೊತ್ತಿಗೆ ಬರುತ್ತಿದೆಯೇ, ಸಿಲಿಂಡರಿನಲ್ಲಿ ಕಂಪ್ರೆಶನ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅದುಮುವ ಒತ್ತಡ, ಇದೆಯೇ. ಯಾವುದು ಇಲ್ಲ ಎಂದು ಗೊತ್ತಾಗುವವರೆಗೆ ಒಂದು ಪಾರ್ಟನ್ನೂ ಬದಲಾಯಿಸಬಾರದು ಅನ್ನುವುದು ನಾನು ಬಿಡದೆ ಪಾಲಿಸುವ ನಿಯಮ.

ತೀರ್ಥಹಳ್ಳಿಯ ಚಿಕ್ಕಪ್ಪನ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿಯ ನಾಲ್ಕು ಸಿಲಿಂಡರಿನ ಗಾಡಿ. ಊರಲ್ಲಿ ಯಾರೂ ಪದ್ಮಿನಿ ಅನ್ನುವುದಿಲ್ಲ, ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ಮಳೆಗಾಲ ಪೂರ್ತಿ ಅಡಿಕೆ ಚಪ್ಪರದ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಗಾಡಿ ನವರಾತ್ರಿ ಹತ್ತಿರ ಬಂದಾಗ ಸ್ಟಾರ್ಟೇ ಆಗಲಿಲ್ಲ. ಆಯುಧ ಪೂಜೆಯ ದಿನ ಅದು ನಿಂಬೆಹಣ್ಣಿನ ಮೇಲೆ ಹಾದುಹೋಗಲೇಬೇಕು ಅನ್ನುವುದು ಚಿಕ್ಕಪ್ಪನ ಹಟ.

ನಾನು ಹೋಗುವ ಹೊತ್ತಿಗೆ, ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲ್ ಬಿಟ್ಟು ಗಾಳಿಗೆ ಬೆರೆಸುವ ಕಾರ್ಬೊರೇಟರನ್ನು ಬಿಚ್ಚುವ ಮಾತು ನಡೆದಿತ್ತು. “ಜೆಟ್ ಕಟ್ಟಿರ್ತದೆ ಮಾರಾಯ, ಬಿಚ್ಚಿ ತೊಳೆದ್ರೆ ಸರಿಯಾಗ್ತದೆ” ಅಂದರು ಚಿಕ್ಕಪ್ಪ. “ಮೊದ್ಲು ಪ್ಲಗ್ ನೋಡೋಣ ಚಿಕ್ಕಪ್ಪ, ಅದು ಹೇಳ್ತದೆ” ಅಂದೆ. ನಮ್ಮಲ್ಲಿ ಗಾಡಿ ಹೊರಡದಿದ್ದರೆ ಮೊದಲ ಏಟು ಬೀಳುವುದೇ ಕಾರ್ಬೊರೇಟರಿಗೆ. ಚೆನ್ನಾಗಿದ್ದ ಕಾರ್ಬೊರೇಟರನ್ನು ಬಿಚ್ಚಿ, ಗ್ಯಾಸ್ಕೆಟ್ ಹರಿದು, ಸ್ಕ್ರೂಗಳ ಸೆಟ್ಟಿಂಗ್ ಕೆಡಿಸಿದ ಮೇಲೆ ಒಂದಿದ್ದ ದೋಷ ಎರಡಾಗುತ್ತದೆ.

ಸೆಲ್ಫ್ ಹೊಡೆದ ತಕ್ಷಣ ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂಬ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಒದ್ದೆ, ಘಮ್ಮನೆ ಪೆಟ್ರೋಲ್ ವಾಸನೆ. ಪ್ಲಗ್ ಒಣಗಿದ್ದರೆ ಟ್ಯಾಂಕ್, ಪಂಪು, ಫಿಲ್ಟರ್, ಫ್ಲೋಟ್ ಬೌಲ್ ಹೀಗೆ ಹಿಂದಿನಿಂದ ಹುಡುಕುತ್ತಾ ಬರಬೇಕಿತ್ತು. ಒದ್ದೆಯಾಗಿದೆ ಅಂದಮೇಲೆ ಪೆಟ್ರೋಲ್ ಸಿಲಿಂಡರಿನವರೆಗೆ ಬರುತ್ತಿದೆ, ಸುಡುತ್ತಿಲ್ಲ. ಆ ಪೆಟ್ರೋಲ್ ಸುಡುವಂಥದ್ದೇ ಅನ್ನುವುದೂ ಖಾತ್ರಿಯಾಗಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಬೇರೆಯಾಗಿ ಕೆಳಗೆ ಕೂತಿರಬಹುದು. ಕಾರ್ಬೊರೇಟರಿಗೆ ಬರುವ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅಲ್ಲಾಡಿಸದೆ ಇಟ್ಟೆ. ತಳದಲ್ಲಿ ನೀರಿನ ಪದರ ಕಾಣಲಿಲ್ಲ. ಇದನ್ನು ಮಾಡುವಾಗ, ಕಿಡಿಗೆ ಬೇಕಾದ ಭಾರೀ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಬರುವ ಕರೆಂಟ್ ವೈರನ್ನು ಮೊದಲು ಕಳಚಿರಬೇಕು. ತೆರೆದ ಪೆಟ್ರೋಲಿನ ಹತ್ತಿರ ಕಿಡಿ ಹಾರುವ ಅವಕಾಶವನ್ನೇ ಕೊಡಬಾರದು.

ಆ ವೈರನ್ನು ಮರಳಿ ಕೂರಿಸಿ ಕಿಡಿಯ ಕಡೆ ತಿರುಗಿದೆ. ಒಣಗಿಸಿದ ಒಂದು ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಪ್ಲಗ್ ತೂತುಗಳಿಂದ ದೂರದಲ್ಲಿ ಇಂಜಿನ್ನಿನ ಬರೀ ಲೋಹಕ್ಕೆ ತಾಗುವಂತೆ ರಬ್ಬರ್ ಹಿಡಿಕೆಯ ಕಟಿಂಗ್ ಪ್ಲೇಯರಿನಲ್ಲಿ ಹಿಡಿದೆ. ಸ್ಟಿಯರಿಂಗ್ ಮುಂದೆ ಕೂತಿದ್ದ ತಮ್ಮ “ಹೊಡೀಲಾ ಅಣ್ಣ?” ಅಂದ. “ಹೊಡಿ.” ಇಂಜಿನ್ ತಿರುಗಿತು, ಪ್ಲಗ್ಗಿನಲ್ಲಿ ಏನೂ ಇಲ್ಲ. ಒಳ್ಳೆಯ ಕಿಡಿ ನೀಲಿಯಾಗಿರುತ್ತದೆ, ಚಟ್ ಚಟ್ ಅಂತ ಕೇಳಿಸುತ್ತದೆ. ಹಳದಿಯಾಗಿ, ತೆಳ್ಳಗೆ ಬಂದರೆ ಬಲ ಸಾಲದು ಎಂದರ್ಥ. ಇಲ್ಲಿ ಹಳದಿಯೂ ಇಲ್ಲ. ಕಾಯಿಲ್‌ನಿಂದ ಹೊರಟು, ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ನಡುವಿಗೆ ಬರುವ ದಪ್ಪ ವೈರನ್ನೇ ಕಿತ್ತು ಬ್ಲಾಕಿನಿಂದ ಕಾಲು ಇಂಚು ದೂರ ಹಿಡಿದು ನೋಡಿದೆ. ಅಲ್ಲೂ ಇಲ್ಲ. ಹಾಗಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್ ವೈರು ಮೂರೂ ನಿರಪರಾಧಿಗಳು. ದೋಷ ಕಾಯಿಲ್‌ನಲ್ಲಿ ಅಥವಾ ಅದಕ್ಕೂ ಹಿಂದೆ. ಈ ಪರೀಕ್ಷೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುತ್ತಾ ಕಾಯಿಲ್ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು) ಇರುವ ಹಳೇ ಗಾಡಿಗೆ ಮಾತ್ರ. ಎಲೆಕ್ಟ್ರಾನಿಕ್ ಇಗ್ನಿಶನ್ ಇರುವ ಗಾಡಿಯಲ್ಲಿ ದಪ್ಪ ವೈರನ್ನು ಹೀಗೆ ಗಾಳಿಯಲ್ಲಿ ಹಿಡಿದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಇಲ್ಲಿಂದ ಮುಂದೆ ನನಗೆ ಬೇಕಾಗಿದ್ದು ಹನ್ನೆರಡು ವೋಲ್ಟಿನ ಒಂದು ಪಾರ್ಕಿಂಗ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಪಾಯಿಂಟ್ ಇಗ್ನಿಶನ್‌ಗೆ ಇದಕ್ಕಿಂತ ನಂಬಿಕೆಯ ಉಪಕರಣ ನಾನು ಕಂಡಿಲ್ಲ. ಒಂದು ತುದಿಯನ್ನು ಗಾಡಿಯ ಬಾಡಿಯ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ಕಾಯಿಲ್‌ನ ಪ್ಲಸ್ ಟರ್ಮಿನಲ್ಲಿಗೆ ಮುಟ್ಟಿಸಿದೆ. ಕೀ ಆನ್ ಮಾಡಿದಾಗ ಬಲ್ಬು ಹತ್ತಿತು, ಸೆಲ್ಫ್ ಹೊಡೆಯುವಾಗಲೂ ಆರಲಿಲ್ಲ. ಈ ಎರಡನೆಯದನ್ನು ನೋಡಲೇಬೇಕು. ಸವೆದ ಕೀ ಸ್ವಿಚ್ಚಿನಲ್ಲಿ ಸೆಲ್ಫ್ ಹೊಡೆಯುವ ಜಾಗಕ್ಕೆ ಬಂದಾಗ ಮಾತ್ರ ಇಗ್ನಿಶನ್ ಕರೆಂಟ್ ತಪ್ಪುವುದುಂಟು. ಬ್ಯಾಟರಿ ಸೋತಿದ್ದರೂ ಅಷ್ಟೇ: ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಒಂಬತ್ತೂವರೆಗಿಂತ ಕೆಳಗಿಳಿದರೆ ಇಂಜಿನ್ ತಿರುಗೀತು, ಕಿಡಿಗೆ ಬಲ ಇರುವುದಿಲ್ಲ.

ಆಮೇಲೆ ಬಲ್ಬನ್ನು ಕಾಯಿಲ್‌ನ ಮೈನಸ್ ಟರ್ಮಿನಲ್ಲಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ಕಡೆಗೆ ಹಾಕಿದೆ. ಇಲ್ಲಿ ನಡೆಯುವುದು ಹೀಗೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್‌ನ ಕರೆಂಟ್ ನೇರ ಬಾಡಿಗೆ ಇಳಿಯುತ್ತದೆ, ಬಲ್ಬು ಆರಿರುತ್ತದೆ. ಪಾಯಿಂಟ್ ತೆರೆದಾಗ ಆ ದಾರಿ ಮುಚ್ಚುತ್ತದೆ, ಬಲ್ಬು ಹತ್ತುತ್ತದೆ. ಎಲ್ಲ ಸರಿಯಿದ್ದರೆ ಸೆಲ್ಫ್ ಹೊಡೆದಾಗ ಬಲ್ಬು ಮಿಣಮಿಣ ಮಿನುಗಬೇಕು. ಒಂದೇ ಸಮ ಆರಿಯೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಪಾಯಿಂಟಿಗೆ ಜೋಡಿಸಿರುವ ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲ್ ಒಳಗೇ ತುಂಡಾಗಿದೆ. ಕಾಯಿಲ್ ಮೈನಸ್‌ನಿಂದ ಡಿಸ್ಟ್ರಿಬ್ಯೂಟರ್ ವೈರನ್ನು ಕಳಚಿದಾಗ ಬಲ್ಬು ಹತ್ತಿದರೆ ಕಾಯಿಲ್ ತುಂಡಾಗಿಲ್ಲ, ತೊಂದರೆ ಡಿಸ್ಟ್ರಿಬ್ಯೂಟರ್ ಕಡೆಗಿದೆ.

ನಮ್ಮ ಫಿಯೆಟ್‌ನಲ್ಲಿ ಬಲ್ಬು ಒಂದೇ ಸಮ ಉರಿಯುತ್ತಲೇ ಇತ್ತು. ಅಂದರೆ ಕರೆಂಟಿಗೆ ಬಾಡಿಗೆ ಇಳಿಯುವ ದಾರಿಯೇ ಸಿಗುತ್ತಿಲ್ಲ.

ಕ್ಯಾಪ್ ತೆಗೆದು ನೋಡಿದರೆ ಒಳಗೆಲ್ಲ ಸಣ್ಣ ತೇವ, ಪಾಯಿಂಟಿನ ಮುಖದ ಮೇಲೆ ಬೂದು ಬಣ್ಣದ ಪೊರೆ. ಮಳೆಗಾಲದಲ್ಲಿ ನಿಂತ ಗಾಡಿಗೆ ಇದು ಮಾಮೂಲು. ನಯವಾದ ಮರಳು ಕಾಗದವನ್ನು ಎರಡು ಪಾಯಿಂಟುಗಳ ನಡುವೆ ಹಗುರಾಗಿ ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನು ಎಳೆದು ಧೂಳು ತೆಗೆದೆ. ಸೆಲ್ಫ್ ಹೊಡೆದರೆ ಬಲ್ಬು ಮತ್ತೆ ಒಂದೇ ಸಮ ಉರಿಯಿತು.

ಇಂಜಿನ್ನನ್ನು ಕೈಯಿಂದ ತಿರುಗಿಸಿ ಪಾಯಿಂಟ್ ಪೂರ್ತಿ ಮುಚ್ಚುವ ಜಾಗಕ್ಕೆ ತಂದು, ಕೀ ಆಫ್ ಮಾಡಿ, ಡಿಸ್ಟ್ರಿಬ್ಯೂಟರ್ ವೈರನ್ನು ಕಾಯಿಲ್‌ನಿಂದ ಬಿಡಿಸಿ ಮಲ್ಟಿಮೀಟರ್ ಹಚ್ಚಿದೆ. ಡಿಸ್ಟ್ರಿಬ್ಯೂಟರಿನ ಹೊರಗಿನ ಟರ್ಮಿನಲ್‌ನಿಂದ ಬಾಡಿಗೆ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಮೀಟರ್ ಅಲುಗಲೇ ಇಲ್ಲ. ಅದೇ ಕಡ್ಡಿಯನ್ನು ಒಳಗಿನ ಪಾಯಿಂಟಿನ ತೋಳಿಗೇ ಮುಟ್ಟಿಸಿದೆ, ಸೊನ್ನೆ ಬಂತು. ಇವೆರಡರ ನಡುವೆ ಇರುವುದು ಬೆರಳುದ್ದವೂ ಇಲ್ಲದ ಒಂದು ವೈರು. ಹೊರಗಿನ ಹೊದಿಕೆ ಎಲ್ಲೂ ಸೀಳಿರಲಿಲ್ಲ. ಆದರೆ ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ನಡುವೆ ಒಂದು ಕಡೆ ಹೊದಿಕೆ ರಬ್ಬರಿನ ಹಾಗೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳು ಅಲ್ಲೇ ತುಂಡಾಗಿದ್ದವು. ವರ್ಷಗಟ್ಟಲೆ ಬಿಸಿ, ಎಣ್ಣೆ, ಪಾಯಿಂಟ್ ಬದಲಾಯಿಸಿದಾಗಲೆಲ್ಲ ಬಾಗುವುದು: ಇಷ್ಟು ಸಾಕು ಎಳೆ ಹರಿಯಲಿಕ್ಕೆ. ಬರೀ ಕಣ್ಣಿಗೆ ಇದು ಎಂದೂ ಸಿಗುತ್ತಿರಲಿಲ್ಲ, ಕಾರ್ಬೊರೇಟರ್ ತೊಳೆದಿದ್ದರಂತೂ ಖಂಡಿತ ಇಲ್ಲ.

ಅದರ ಜಾಗಕ್ಕೆ ತೆಳ್ಳನೆಯ ಹಲವು ಎಳೆಗಳ, ಚೆನ್ನಾಗಿ ಬಾಗುವ ವೈರನ್ನು ಬೆಸೆದೆ. ಗಟ್ಟಿ ವೈರು ಹಾಕಿದರೆ ಪಾಯಿಂಟಿನ ತೋಳನ್ನು ಅದು ಎಳೆದು ಹಿಡಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಪಾಯಿಂಟ್ ಸೆಟ್ಟು, ಕಂಡೆನ್ಸರ್ ತರಿಸಲು ಹೇಳಿಟ್ಟೆವು, ಆದರೆ ಅದಕ್ಕೆ ಕಾಯುವ ಅಗತ್ಯ ಬೀಳಲಿಲ್ಲ. ಬಲ್ಬು ಈಗ ಮಿನುಗುತ್ತಿತ್ತು, ಪ್ಲಗ್ಗಿನಲ್ಲಿ ನೀಲಿ ಕಿಡಿ ಬಂತು.

ಆದರೂ ಪ್ಲಗ್ ಹಾಕಿ ಒಮ್ಮೆಗೇ ಸ್ಟಾರ್ಟ್ ಮಾಡಲಿಲ್ಲ. ಅಷ್ಟು ದಿನ ಸೆಲ್ಫ್ ಹೊಡೆದೂ ಹೊಡೆದೂ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನೆಲ್ಲ ತೊಳೆದಿತ್ತು. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ರಿಂಗುಗಳು ಗಾಳಿ ಬಿಡುತ್ತವೆ, ಕಂಪ್ರೆಶನ್ ಕುಸಿಯುತ್ತದೆ. ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆ ಸ್ವಲ್ಪ ತಿರುಗಿಸಿದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ, ಹಾಗಾಗಿ ಆಯಿಲ್ಲನ್ನೂ ಬದಲಾಯಿಸಿದೆ. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ. ಸೆಲ್ಫನ್ನೂ ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮ ಹೊಡೆಯಬಾರದು, ನಡುವೆ ಅದು ತಣ್ಣಗಾಗಲು ಬಿಡಬೇಕು.

ಇದೇ ದಾರಿ ಬೇರೆ ಗಾಡಿಗಳಲ್ಲೂ ನಡೆಯುತ್ತದೆ, ನೋಡುವ ಜಾಗ ಬದಲಾಗುತ್ತದೆ ಅಷ್ಟೆ. ಮಾರುತಿ 800ರಲ್ಲಿ ವಾಲ್ವುಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಇದೆ. ಅದು ತುಂಡಾದರೆ ಇಂಜಿನ್ ಎಂದಿಗಿಂತ ಹಗುರಾಗಿ, ವೇಗವಾಗಿ ತಿರುಗುವುದು ಕೇಳಿಸುತ್ತದೆ. ಆಯಿಲ್ ಕ್ಯಾಪ್ ತೆಗೆದು, ಸೆಲ್ಫ್ ಹೊಡೆಯುವಾಗ ಒಳಗೆ ಅಲುಗಾಟ ಇದೆಯೇ ನೋಡಿದರೆ ತಿಳಿಯುತ್ತದೆ. ಫಿಯೆಟ್‌ನಲ್ಲಿ ಚೈನ್ ಇರುವುದರಿಂದ ಆ ಭಯ ಕಡಿಮೆ. ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಗಳಲ್ಲಿ ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಶಬ್ದ ಒಂದೆರಡು ಸೆಕೆಂಡು ಬರಬೇಕು. ಬಾರದಿದ್ದರೆ ಫ್ಯೂಸ್, ರಿಲೇ ಮೊದಲು.

ಕೊನೆಗೆ ಪಾಯಿಂಟ್ ಗ್ಯಾಪನ್ನು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲಿ 0.45 ಮಿಲಿಮೀಟರಿನ ಆಸುಪಾಸಿಗೆ ತಂದೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಹೆಚ್ಚಾದರೆ ಕಿಡಿ ಬೇಗ ಬರುತ್ತದೆ. ಅದಕ್ಕೂ ಅದೇ ಬಲ್ಬು ಸಾಕು. ಪುಲ್ಲಿಯ ಗುರುತನ್ನು ಸರಿಯಾದ ಜಾಗಕ್ಕೆ ತಂದು, ಕೀ ಆನ್ ಮಾಡಿ, ಬಲ್ಬನ್ನು ಕಾಯಿಲ್ ಮೈನಸ್‌ಗೆ ಹಾಕಿ, ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ಬಲ್ಬು ಹತ್ತುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಅಲ್ಲೇ ನಿಲ್ಲಿಸಿ ಕ್ಲಾಂಪ್ ಬೋಲ್ಟ್ ಬಿಗಿ ಮಾಡಿದೆ. ಪ್ಲಗ್ ವೈರುಗಳನ್ನು 1-3-4-2 ಕ್ರಮದಲ್ಲಿ ಕೂರಿಸಿ ಚೋಕ್ ಎಳೆದು ಸೆಲ್ಫ್ ಹೊಡೆದಾಗ, ಹಾಕಿದ ಆಯಿಲ್ಲೆಲ್ಲ ಹೊಗೆಯಾಗಿ ಹೋಗುವವರೆಗೆ ಕೆಮ್ಮುತ್ತಿದ್ದ ಇಂಜಿನ್ ಆಮೇಲೆ ನಾಲ್ಕೂ ಸಿಲಿಂಡರಿನಲ್ಲಿ ಸಮನಾಗಿ ಓಡಿತು.