ಎರಡು ತುದಿಯಿಂದ ಬರೆದ ವಹಿ

ನಮ್ಮ ಊರಿನ ಗ್ರಂಥಾಲಯದ ಗೋಡೆಗಲ್ಲಿನಲ್ಲಿ 1952 ಎಂದು ಕೆತ್ತಿದೆ. ಯಾದಗಿರಿ ಜಿಲ್ಲೆಯ ಈ ಸಣ್ಣ ಊರಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನೂ ಅದನ್ನೇ ನಂಬಿದ್ದೆ. ನಿವೃತ್ತನಾದ ಮೇಲೆ ಗ್ರಂಥಾಲಯದ ಚರಿತ್ರೆ ಬರೆಯಲು ಕುಳಿತು ಮೊದಲು ಹಿರಿಯರನ್ನು ವಿಚಾರಿಸಿದೆ. ತಮ್ಮ ತಂದೆಯೇ ಅದನ್ನು ಕಟ್ಟಿದವರು ಎಂದು ಹೇಳಿದವರು ನಾಲ್ವರು. ಅಲ್ಲಿಗೆ ಆ ದಾರಿ ಬಿಟ್ಟೆ.

ಕೈಹಿಡಿದದ್ದು ಬೀರುವಿನ ತಳದಲ್ಲಿ ಬಿದ್ದಿದ್ದ, ಬಂದ ಪುಸ್ತಕಗಳನ್ನು ದಾಖಲಿಸುವ ಹಳೆಯ ವಹಿ. ರಟ್ಟು ಕಿತ್ತುಹೋಗಿತ್ತು. ಎಡದಿಂದ ತೆರೆದರೆ ಕನ್ನಡ ಪುಸ್ತಕಗಳ ಪಟ್ಟಿ. ತಿರುವಿ ಬಲದಿಂದ ತೆರೆದರೆ ಉರ್ದು. ಎರಡೂ ಬರಹಗಳು ಒಂದಕ್ಕೊಂದು ಎದುರಾಗುವ ಮೊದಲೇ ನಿಂತಿದ್ದವು. ನಡುವೆ ಉಳಿದ ಹಾಳೆಗಳಲ್ಲಿ ಆಮೇಲೆ ಯಾರೋ ಸೀಮೆಎಣ್ಣೆಯ ಲೆಕ್ಕ ಬರೆದಿದ್ದರು.

ನನಗೆ ಉರ್ದು ಓದಲು ಬಾರದು. ತಹಸೀಲ್ ಕಚೇರಿಯ ಮುಂದೆ ಅರ್ಜಿ ಬರೆದುಕೊಡುತ್ತಿದ್ದ ಚಾಚಾ ಒಬ್ಬರ ಬಳಿ ವಹಿ ಒಯ್ದೆ. ಅವರು ಕನ್ನಡಕ ಏರಿಸಿ ಮೊದಲ ಸಾಲಿನ ವರ್ಷ ಓದಿದರು: 1355. ನಾನು ಅಷ್ಟಕ್ಕೇ ಎದ್ದು ಬಂದೆ. ಹಿಜರಿ 1355 ಎಂದರೆ 1936. ಕಲ್ಲಿಗಿಂತ ಹದಿನಾರು ವರ್ಷ ಹಳೆಯದು ಎಂದು ಸಂಜೆಯ ಹೊತ್ತಿಗೆ ಅರ್ಧ ಊರಿಗೆ ಹೇಳಿಯೂ ಆಗಿತ್ತು.

ಮರುವಾರ ಚಾಚಾ ತಿಂಗಳ ಹೆಸರಿನ ಮೇಲೆ ಬೆರಳಿಟ್ಟರು. “ಇಲ್ಲಿ ಬಹಮನ್ ಎಂದಿದೆ ಮಾಸ್ತರೇ. ಹಿಜರಿಯಲ್ಲಿ ಬಹಮನ್ ಎಲ್ಲಿಂದ ಬರಬೇಕು?”

ನಮ್ಮ ಭಾಗ ಆಗ ಹೈದರಾಬಾದ್ ನಿಜಾಮರದು. ಅವರ ಆಡಳಿತದಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಅಕ್ಟೋಬರಿನಲ್ಲಿ ಆಜೂರ್ ತಿಂಗಳಿನಿಂದ ಅದು ಆರಂಭ. ಆಮೇಲೆ ದೈ, ಬಹಮನ್, ಹೀಗೆ ಎಲ್ಲವೂ ಪಾರಸಿ ಹೆಸರುಗಳು. ಇಸವಿಗೆ ತರಬೇಕಾದರೆ ಡಿಸೆಂಬರ್‌ವರೆಗಿನ ತಾರೀಖಿಗೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಬೇಕು. ಲೆಕ್ಕ ಹಾಕಿದರೆ ಮೊದಲ ಪುಸ್ತಕ ಬಂದದ್ದು 1945ರ ಡಿಸೆಂಬರಿನಲ್ಲಿ. ಒಂಬತ್ತು ವರ್ಷ ಕೈಬಿಟ್ಟಿತು. ಅರ್ಧ ಊರಿಗೆ ಮತ್ತೆ ಹೇಳಿ ಬರಬೇಕಾಯಿತು.

ನನಗೆ ಹೆಚ್ಚು ರುಚಿಸಿದ್ದು ಬೆಲೆಯ ಕಲಂ. ಹೈದರಾಬಾದಿನಿಂದ ಬಂದ ಪುಸ್ತಕಗಳ ಬೆಲೆ ನಿಜಾಮರ ನಾಣ್ಯವಾದ ‘ಹಾಲಿ’ ರೂಪಾಯಿಯಲ್ಲಿದೆ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿಂದ ತರಿಸಿದ ಕನ್ನಡ ಪುಸ್ತಕಗಳಿಗೆ ಬ್ರಿಟಿಷರ ಕಲ್ದಾರ್ ರೂಪಾಯಿ ತೆರಬೇಕಿತ್ತು. ಆರು ಕಲ್ದಾರಿಗೆ ಏಳು ಹಾಲಿ. ಪ್ರತಿ ಕನ್ನಡ ಪುಸ್ತಕದ ಎದುರು ಸೀಸದಕಡ್ಡಿಯಲ್ಲಿ ಆ ಗುಣಾಕಾರವಿದೆ. ಒಂದು ಕಡೆ ತಪ್ಪಿ, ಕೆಳಗೆ ಎರಡಾಣೆ ‘ನನ್ನಿಂದ ಜಮಾ’ ಎಂದು ಬರೆದುಕೊಂಡಿದ್ದಾರೆ. ಆ ಪುಣ್ಯಾತ್ಮರ ಹೆಸರು ವಹಿಯಲ್ಲಿ ಎಲ್ಲಿಯೂ ಇಲ್ಲ.

ಫಸಲಿ ತಾರೀಖಿನ ಕೊನೆಯ ಸಾಲು 1357ರ ಮೆಹರ್ ತಿಂಗಳದು, ಅಂದರೆ 1948ರ ಆಗಸ್ಟ್. ಅದರ ಮುಂದಿನದು 1949ರ ಫೆಬ್ರವರಿ. ತಾರೀಖು ಇಂಗ್ಲಿಷ್ ತಿಂಗಳಿನದು, ಕೈಬರಹ ಬೇರೆಯವರದು. ನಡುವೆ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಬಂದು ಹೋಗಿದೆ. ಷರಾ ಕಲಂ ಖಾಲಿ. ಚಾಚಾ ಅಲ್ಲಿಗೆ ಬಂದಾಗ ಕನ್ನಡಕ ತೆಗೆದು, ಚಹಾ ತರಿಸಿ ಎಂದರು. ನಾನು ಏನೂ ಕೇಳಲಿಲ್ಲ.

ಮುಂದಿನ ಕಾಲ ಸಲೀಸು. ವಹಿ ಇಲ್ಲದ ವರ್ಷಗಳಿಗೆ ಪುಸ್ತಕಗಳ ಮೇಲಿನ ಮೊಹರುಗಳೇ ಸಾಕಾದವು: ಮೈಸೂರು ರಾಜ್ಯ ಎಂದಿದ್ದರೆ 1956ರ ನವೆಂಬರಿಗೂ 1973ರ ನವೆಂಬರಿಗೂ ನಡುವಿನದು, ಯಾದಗಿರಿ ಜಿಲ್ಲೆ ಎಂದಿದ್ದರೆ 2009ರ ಡಿಸೆಂಬರ್ ಕೊನೆಯ ನಂತರದ್ದು. ಆದರೆ ಮೊಹರನ್ನು ಪೂರ್ತಿ ನಂಬಬಾರದು. ರಾಜ್ಯದ ಹೆಸರು ಬದಲಾದ ಮೇಲೂ ನಮ್ಮವರು ಹಳೆಯ ರಬ್ಬರ್ ಮೊಹರು ಸವೆಯುವವರೆಗೆ ಒತ್ತಿದ್ದಾರೆ. 1975ರಲ್ಲಿ ಅಚ್ಚಾದ ಪುಸ್ತಕದ ಮೇಲೂ ಮೈಸೂರು ಇದೆ. ಹಾಗಾಗಿ ಮೊಹರಿನ ಜೊತೆಗೆ ಪುಸ್ತಕ ಅಚ್ಚಾದ ವರ್ಷವನ್ನೂ ನೋಡಿದೆ.

ಗೋಡೆಗಲ್ಲಿನ 1952 ಸುಳ್ಳಲ್ಲ. ಆ ವರ್ಷದ ಒಂದು ಸಾಲಿನ ಎದುರು ‘ಹೊಸ ಕೋಣೆಗೆ ಸಾಗಿಸಿದೆ’ ಎಂಬ ಷರಾ ಇದೆ. ಕಲ್ಲು ಹೇಳುತ್ತಿದ್ದದ್ದು ಕೋಣೆಯ ವಯಸ್ಸು.

ಬರೆದದ್ದು ಇಪ್ಪತ್ತೆಂಟು ಪುಟವಾಯಿತು. ಹೊಲಿಸಿ ಗ್ರಂಥಪಾಲಕಿಗೆ ಕೊಟ್ಟೆ. ಅವರು ಈಗಿನ ವಹಿ ತೆಗೆದು ಸಂಖ್ಯೆ ಹಾಕಿದರು, ಪುಟ ಎಣಿಸಿದರು, ಬಿಲ್ ಎಲ್ಲಿ ಸರ್ ಎಂದು ಕೇಳಿದರು. ಇಲ್ಲ ಎಂದೆ. ಬೆಲೆಯ ಕಲಂನಲ್ಲಿ ಒಂದು ಅಡ್ಡಗೆರೆ ಎಳೆದು ಒಳಗಿಟ್ಟರು.