ಬಿಸಿಲಿಗಿಟ್ಟ ಮೀನುಮರಿಗಳು: ಕಾಳಿ ಅಳಿವೆಯ ಬಳಿ ನನ್ನ ಅನುಭವ

ಕಚ್ಚಾತೈಲ ಸೋಂಕಿದ ನೀರು ಮೀನುಮರಿಗೆ ಎಷ್ಟು ವಿಷ ಎಂದು ನಾನು ಮೊದಲು ಅಳೆದದ್ದು ಕಾರವಾರದ ಕೋಡಿಬಾಗದಲ್ಲಿ, ಟ್ಯೂಬ್‌ಲೈಟಿನ ಕೋಣೆಯೊಂದರಲ್ಲಿ. ಎರಡು ದಿನ ಕಳೆದರೂ ಮರಿಗಳು ತುಸು ಮಂಕಾದವೇ ಹೊರತು ಸಾಯಲಿಲ್ಲ. ಅಳಿವೆಯಲ್ಲಿ ಮರಿಗಳು ಬೆಳೆಯುವುದು ಟ್ಯೂಬ್‌ಲೈಟಿನ ಕೆಳಗಲ್ಲ ಎಂಬ ಸರಳ ಸಂಗತಿ ಹೊಳೆಯಲು ತಿಂಗಳು ಹಿಡಿಯಿತು.

ತೈಲವನ್ನು ನೇರವಾಗಿ ಮರಿಗಳ ಮೇಲೆ ಸುರಿಯುವಂತಿಲ್ಲ. ಸಮುದ್ರದ ನೀರಿನ ಮೇಲೆ ತೆಳುವಾಗಿ ಹರಡಿ, ಕತ್ತಲೆಯಲ್ಲಿ ಸುಳಿ ಏಳದಷ್ಟು ನಿಧಾನವಾಗಿ 24 ಗಂಟೆ ಕಲಕಿ, ತಂಗಲು ಬಿಟ್ಟು, ಅಡಿಯಿಂದ ಕರಗಿದ ಭಾಗವನ್ನಷ್ಟೇ ಇಳಿಸಿಕೊಂಡು, ಅದಕ್ಕೆ ಇನ್ನೂ ಪಾರದರ್ಶಕವಾಗಿದ್ದ ಸೀಬಾಸ್ ಮರಿಗಳನ್ನು ಬಿಟ್ಟೆ.

ಬಿಸಿಲಿನ ಮೊದಲ ಪ್ರಯೋಗ ಕೆಟ್ಟಿತು. ತೈಲವಿಲ್ಲದ ಟ್ರೇಯ ಮರಿಗಳೂ ಸತ್ತವು, ಏಕೆಂದರೆ ನೀರು ಕಾದು ಆಮ್ಲಜನಕ ಇಳಿದಿತ್ತು. 30 ಡಿಗ್ರಿಯಲ್ಲಿ ಸಮುದ್ರದ ನೀರು ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಟ್ರೇಗಳನ್ನು ಹರಿಯುವ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಗಾಳಿಯ ಕೊಳವೆ ಹಾಕಿ, ತೈಲವಿರುವ ಮತ್ತು ಇಲ್ಲದ ಟ್ರೇಗಳನ್ನು ಬಿಸಿಲಿನಲ್ಲೂ ನೆರಳಿನಲ್ಲೂ ಇಟ್ಟೆ. ಸಂಜೆಯ ಹೊತ್ತಿಗೆ ತೈಲ ಮತ್ತು ಬಿಸಿಲು ಎರಡೂ ಸೇರಿದ ಟ್ರೇಯಲ್ಲಿ ಮಾತ್ರ ಮರಿಗಳು ಮಗ್ಗುಲಾಗಿ ತೇಲುತ್ತಿದ್ದವು.

ತೈಲದಲ್ಲಿರುವ ಆಂಥ್ರಸೀನ್, ಪೈರೀನ್‌ನಂಥ ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು (ಇಂಗಾಲದ ಹಲವು ಉಂಗುರಗಳು ಬೆಸೆದುಕೊಂಡ ಸಂಯುಕ್ತಗಳು) ಮರಿಯ ದೇಹದಲ್ಲಿ ಸೇರಿಕೊಂಡು, ನೇರಳಾತೀತ ಕಿರಣವನ್ನು ಹೀರಿ, ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತವೆ. ಹೀಗೆ ಉರಿದೆದ್ದ ಆಮ್ಲಜನಕ ಕಿವಿರಿನ ಪೊರೆಯನ್ನೇ ಸುಡುತ್ತದೆ. ಬಣ್ಣವಿಲ್ಲದ ಮೈಯ ಮರಿಗೆ ತಡೆಯಾವುದು? ಶುದ್ಧ ನೀರಿಗೆ ಬದಲಿಸಿ ಕೂಡಲೇ ಬಿಸಿಲಿಗಿಟ್ಟ ಮರಿಗಳೂ ಉಳಿಯಲಿಲ್ಲ. ವಿಷ ಆಗಲೇ ಒಳಗಿತ್ತು.

ಉಪ್ಪಿನದು ಇನ್ನೂ ತೊಡಕಿನ ಲೆಕ್ಕ. ಉಪ್ಪು ಹೆಚ್ಚಿದಷ್ಟೂ ಈ ಸಂಯುಕ್ತಗಳು ಕಡಿಮೆ ಕರಗುತ್ತವೆ, ಆದರೆ ಉಪ್ಪು ಹಠಾತ್ತನೆ ಏರಿಳಿದರೆ ಮರಿಯ ಶಕ್ತಿಯೆಲ್ಲ ಮೈಯೊಳಗಿನ ಲವಣದ ಸಮತೋಲಕ್ಕೇ ವ್ಯಯವಾಗುತ್ತದೆ. ಕಾಡಿನ ಎಲೆ ಕೊಳೆತು ಚಹಾಬಣ್ಣಕ್ಕೆ ತಿರುಗಿದ ಹೊಳೆನೀರು ಬೆರೆಸಿದಾಗ ಸಾವು ಇಳಿಯಿತು, ಏಕೆಂದರೆ ಆ ಕಂದುಬಣ್ಣ ಕಿರಣವನ್ನು ತಡೆಯುವುದಲ್ಲದೆ ವಿಷದ ಒಂದಂಶವನ್ನೂ ಕಟ್ಟಿಹಾಕುತ್ತದೆ.

2006ರ ಮೇ ಕೊನೆಯಲ್ಲಿ ಕಾರವಾರದ ಎದುರು ಸರಕು ಹಡಗೊಂದು ಬಂಡೆಗೆ ಸಿಕ್ಕಿ ಸೋರಿದ್ದು ಕಚ್ಚಾತೈಲವಲ್ಲ, ಹಡಗಿನ ಇಂಧನ. ಆದರೂ ಇದೇ ಜಾತಿಯ ಸಂಯುಕ್ತಗಳು ಅದರಲ್ಲೂ ಇರುತ್ತವೆ. ಆಗ ಮುಂಗಾರು ಹೊಸ್ತಿಲಲ್ಲಿತ್ತು; ಮೋಡ ಬಿಸಿಲನ್ನು ಮರೆಮಾಡಿ, ಹೊಳೆಯ ಕಂದುನೀರು ಅಳಿವೆಗೆ ಇಳಿಯುವ ಕಾಲ. ಅದೇ ಎಣ್ಣೆ ಫೆಬ್ರವರಿಯ ತಿಳಿನೀರಿಗೆ ಬಿದ್ದಿದ್ದರೆ ಮರಿಗಳ ಪಾಡು ಬೇರೆಯೇ ಆಗುತ್ತಿತ್ತು ಎಂಬುದು ನನ್ನ ಅಂದಾಜು.