ಫರ್ಮ್‌ವೇರ್ ಪೆಟ್ಟಿಗೆಯಲ್ಲೇ ಇಟ್ಟುಕೊಟ್ಟೆ, ಕರ್ನಲ್ ಎದ್ದಿತು

"ಈ ಹಳೇ ಡಬ್ಬಾ ಸಿಸ್ಟಮ್ ಮ್ಯಾಲ ರಿಸ್ಕ್-ಫೈವ್ ಕಲಸ್ತೀರೇನ್ರಿ ಸರ? ಆಗಂಗಿಲ್ಲ ಬಿಡ್ರಿ, ಬೋರ್ಡ್ ತರಸ್ರಿ" ಎಂದು ನಮ್ಮ ವಿಭಾಗದಲ್ಲಿ ಅನ್ನದವರಿಲ್ಲ. ರಿಸ್ಕ್-ಫೈವ್ ಅಂದರೆ ಒಂದು ಬಗೆಯ ಪ್ರೊಸೆಸರ್ ವಿನ್ಯಾಸ. ಆ ಪ್ರೊಸೆಸರಿರುವ ಬೋರ್ಡಿಗೆ ಆಗ ತಲಾ ಏಳೆಂಟು ಸಾವಿರ ಇತ್ತು. ಮೂವತ್ತು ಮಕ್ಕಳಿಗೆ ತರಿಸುವಷ್ಟು ದುಡ್ಡು ಕಲಬುರಗಿಯ ನಮ್ಮಂಥ ಲ್ಯಾಬಿಗೆ ಎಲ್ಲಿಂದ ಬರಬೇಕು? ಈ ಸೆಮಿಸ್ಟರಿನಲ್ಲಿ ಅಷ್ಟೂ ಮಕ್ಕಳು ಕ್ಯೂಎಮು ಮೇಲೆ, ಅಂದರೆ ಬೇರೆ ಪ್ರೊಸೆಸರಿನಂತೆ ನಟಿಸುವ ಎಮ್ಯುಲೇಟರ್ ಸಾಫ್ಟ್‌ವೇರ್ ಮೇಲೆ, ತಾವೇ ಬರೆದ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಎಬ್ಬಿಸಿದರು. ಖರ್ಚು ಹತ್ತು ಸಾವಿರ ದಾಟಲಿಲ್ಲ.

ಹೋದ ವರ್ಷ ಕೆಟ್ಟದ್ದು ಫರ್ಮ್‌ವೇರಿನಿಂದಲೇ, ಅಂದರೆ ಕರ್ನಲ್‌ಗಿಂತ ಮೊದಲು ಓಡಿ ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿನಿಂದ. ನನ್ನ ನೋಟ್ಸು ಬಿಬಿಎಲ್ ಎಂಬ ಹಳೇ ಫರ್ಮ್‌ವೇರ್ ಕಾಲದ್ದು: ಕರ್ನಲ್‌ನಲ್ಲಿ ಒಂದು ಸಾಲು ತಿದ್ದಿದರೂ ಬಿಬಿಎಲ್ ಹೊಟ್ಟೆಯೊಳಗೆ ತುಂಬಿ ಮತ್ತೆ ಬಿಲ್ಡ್ ಮಾಡಬೇಕು. ಮಕ್ಕಳು ಬೇಸತ್ತು ಎಲ್ಲೆಲ್ಲಿಂದಲೋ ಓಪನ್‌ಎಸ್‌ಬಿಐ ಎಂಬ ಹೊಸ ಫರ್ಮ್‌ವೇರ್ ಇಳಿಸಿ ತಂದರು, ಒಬ್ಬೊಬ್ಬರದು ಒಂದೊಂದು ವರ್ಶನ್. ಅರ್ಧ ಲ್ಯಾಬಿನ ಪರದೆ ಕಪ್ಪಗೇ ಉಳಿಯಿತು.

2019ರ 4.1 ಬಿಡುಗಡೆಯಿಂದ ಕ್ಯೂಎಮು ಜೊತೆಗೇ ಓಪನ್‌ಎಸ್‌ಬಿಐ ಬರುತ್ತದೆ. ಹಾಗಾಗಿ ಎಮ್ಯುಲೇಟರನ್ನೂ ಅದರ ಫರ್ಮ್‌ವೇರ್ ಫೋಲ್ಡರನ್ನೂ ಒಂದೇ ಬಿಡುಗಡೆಯಿಂದ ತೆಗೆದು ಒಂದೇ ಪೆನ್‌ಡ್ರೈವಿಗೆ ಹಾಕಲು ಹೊರಟೆ.

ಊರಿನ ಸೂಪರ್ ಮಾರ್ಕೆಟ್ ಪೇಟೆಯಿಂದ 16 ಜಿಬಿ ಪೆನ್‌ಡ್ರೈವ್ ತಂದೆ, ತಲಾ ಮುನ್ನೂರರ ಆಸುಪಾಸು. ಮೊದಲ ದಿನವೇ 'ಪರ್ಮಿಷನ್ ಡಿನೈಡ್'. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವನ್ನು ಉಬುಂಟು ಲಿನಕ್ಸ್ ತಾನೇ ಮೌಂಟ್ ಮಾಡಿದರೆ ನಮ್ಮ ಬೈನರಿಗೆ, ಅಂದರೆ ಬಿಲ್ಡ್ ಮಾಡಿಟ್ಟ ಕ್ಯೂಎಮುಗೆ, ಓಡುವ ಹಕ್ಕು ಸಿಗುವುದಿಲ್ಲ. ಇದು ತಲೆಗೆ ಹೋಗಲು ಎರಡು ದಿನ ಹಿಡಿಯಿತು. ಎಲ್ಲವನ್ನೂ ಲಿನಕ್ಸಿನದೇ ಆದ ಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿದೆ. ಆಮೇಲೆ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಮುಗಳು ನೆಚ್ಚಿಕೊಳ್ಳುವ ಮೂಲ ಲೈಬ್ರರಿ) ಜಗಳ: ನನ್ನ ಲ್ಯಾಪ್‌ಟಾಪಿನ ಉಬುಂಟು 22.04ರಲ್ಲಿ ಕಟ್ಟಿದ್ದು ಲ್ಯಾಬಿನ 18.04ರಲ್ಲಿ ಏಳಲೇ ಇಲ್ಲ. ಕೊನೆಗೆ ಅತಿ ಹಳೇ ಸಿಸ್ಟಮಿನ ಮುಂದೆ ಕೂತು, ರಿಸ್ಕ್-ಫೈವ್ 64 ಟಾರ್ಗೆಟ್ ಒಂದನ್ನೇ ಆರಿಸಿ ಬಿಲ್ಡ್ ಮಾಡಿದೆ. ಮುಕ್ಕಾಲು ಗಂಟೆಯ ಕೆಲಸ. ಮೇ ತಿಂಗಳು, ಎರಡು ಸಲ ಕರೆಂಟ್ ಹೋಗಿ ಸಂಜೆಯಾಯಿತು.

ಬೈನರಿ ಮಾತ್ರ ನಕಲು ಮಾಡಿಕೊಂಡವರಿಗೆ ಫರ್ಮ್‌ವೇರ್ ಸಿಗಲಿಲ್ಲ. 'ಹೈಫನ್ ಎಲ್' ಆಯ್ಕೆ ಕೊಟ್ಟು ಫರ್ಮ್‌ವೇರ್ ಫೋಲ್ಡರ್ ತೋರಿಸುವುದನ್ನು ಕ್ಯೂಎಮು ಶುರು ಮಾಡುವ ಸ್ಕ್ರಿಪ್ಟಿಗೇ ಸೇರಿಸಿದೆ. ಯಾವ ಸಿಸ್ಟಮಿಗೆ ಚುಚ್ಚಿದರೂ ಅದು ದಾರಿ ಹುಡುಕಿಕೊಳ್ಳುತ್ತದೆ. ಆ ನಾಲ್ಕು ಸಾಲು ಸದ್ಯ ನನ್ನ ಬಳಿಯೇ ಇರಲಿ.

ಇನ್ನೊಂದು ಪೆಟ್ಟು ತಿಂದದ್ದು ಮೆಮೊರಿ ವಿಳಾಸದಲ್ಲಿ. ಒಬ್ಬ ಹುಡುಗಿಯ ಕರ್ನಲ್ ಹೆಕ್ಸ್ 80000000ಕ್ಕೆ ಲಿಂಕ್ ಆಗಿತ್ತು. ಓಪನ್‌ಎಸ್‌ಬಿಐ ಕೂರುವುದೂ ಅಲ್ಲೇ, ಹಾಗಾಗಿ ಓವರ್‌ಲ್ಯಾಪ್ ಎಂದು ಕ್ಯೂಎಮು ನಿಂತುಬಿಟ್ಟಿತು. ಕರ್ನಲ್ ಯಾವ ವಿಳಾಸದಲ್ಲಿ ಕೂರಬೇಕೆಂದು ಹೇಳುವ ಲಿಂಕರ್ ಸ್ಕ್ರಿಪ್ಟಿನಲ್ಲಿ 80200000 ಮಾಡಿದೆವು, ಎದ್ದಿತು. ಮಶೀನ್ ಮೋಡಿನಲ್ಲೇ (ಫರ್ಮ್‌ವೇರ್ ಓಡುವ ಪೂರ್ಣಾಧಿಕಾರದ ಹಂತದಲ್ಲೇ) ಓಡಬೇಕಾದ ಕರ್ನಲ್‌ಗೆ ಬಯೋಸ್ 'ನನ್', ಅಂದರೆ ಫರ್ಮ್‌ವೇರ್ ಬೇಡ, ಎಂದು ಕೊಟ್ಟರಾಯಿತು.

ನಡುವೆ ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರಿನ ಟಾರ್ಗೆಟನ್ನೂ ಸೇರಿಸಿ ನೋಡಿದೆ. ಓಪನ್‌ಎಸ್‌ಬಿಐ ಒಂದು ಎಂಬಿಯೂ ಇಲ್ಲ. ಆರ್ಮ್ ಜೊತೆ ಬರುವ ಇಡಿಕೆ2 ಫರ್ಮ್‌ವೇರ್ ಫೈಲುಗಳು ಬಿಚ್ಚಿದರೆ ಒಂದೊಂದು 64 ಎಂಬಿ! ತೆಗೆದುಹಾಕಿದೆ. ಕ್ಯೂಎಮು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನದು, ಬೈನರಿ ಹಂಚಿದ ಮೇಲೆ ಸೋರ್ಸ್ ಕೊಡಲೇಬೇಕು. ಅದನ್ನೂ ಅದೇ ಡ್ರೈವಿಗೆ ತುಂಬಿದ್ದೇನೆ.

ಈಗ 32 ಬಿಟ್ ರಿಸ್ಕ್-ಫೈವ್ ಹಿಡಿದಿದ್ದೇನೆ. ಅಲ್ಲಿ ಕರ್ನಲ್ ಕೂರುವುದು 80400000ಕ್ಕೆ. ಸದ್ಯ ಎರಡು ಸಿಸ್ಟಮಿನಲ್ಲಿ ಏಳುತ್ತಿದೆ.